ಹದಿನಾರು ಸೆಲ್ಲು, ನೂರೈವತ್ತು ತತ್ತಿ

ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ನನಗೆ ಕೆಲಸ ಸಿಕ್ಕಿತೆಂದಾಗ ಅಮ್ಮಿನಬಾವಿಯ ನಮ್ಮ ಓಣಿಯವರೆಲ್ಲ ನಾನು ಇನ್ನು ದಿನವಿಡೀ ‘ಹಲೋ ಹಲೋ’ ಅನ್ನುತ್ತ ಕೂಡ್ರುತ್ತೇನೆ ಎಂದುಕೊಂಡರು. ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೇಲೆ ನಮ್ಮ ಅತ್ತೆಯವರೂ ಹಾಗೆಯೇ ತಿಳಿದಿದ್ದರು. ಒಂದು ದಿನ ನನ್ನ ಸೀರೆಯ ನೆರಿಗೆಯಲ್ಲಿ ಜೋಳದ ಕಾಳಿನಷ್ಟು ದೊಡ್ಡ ತೂತುಗಳನ್ನು ಕಂಡು, ಫೋನಿನಲ್ಲಿ ಮಾತಾಡಿದರೆ ಸೀರೆ ಹೇಗೆ ಸುಡುತ್ತದೆ ಎಂದು ಕೇಳಿದರು. ನಾನು ಮಾತಾಡುವವಳಲ್ಲ, ಬ್ಯಾಟರಿಗೆ ನೀರು ಹಾಕುವವಳು, ಆ ತೂತುಗಳು ಆ್ಯಸಿಡ್ ಸಿಡಿದು ಆದವು ಎಂದೆ. ಅವರು, "ಎಮ್ಮಿಗೆ ನೀರ ಹಾಕಿದ್ರ ಹಾಲಾದ್ರೂ ಕೊಡತೈತಿ" ಅಂದರು.

ಮೂವತ್ತಾರು ವರ್ಷ ಅದೇ ಕೆಲಸ ಮಾಡಿದೆ. ನಿವೃತ್ತಿಯಾದ ಮೇಲೆ ರಾಯಾಪುರದ ನಮ್ಮ ಮನೆಯ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿ, ಕೆಳಗಿನ ಸಾಮಾನಿನ ಕೋಣೆಯಲ್ಲಿ ನನ್ನ ಕೈಯಿಂದಲೇ ಒಂದು ಬ್ಯಾಟರಿ ಕಟ್ಟಿದೆ. ಯಾರೂ ಹೇಳಿ ಮಾಡಿಸಿದ್ದಲ್ಲ, ಹುಚ್ಚಿಗೆ ಮಾಡಿದ್ದು. ಈಗ ಸೋಲಾರ್ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಅದನ್ನು ನೋಡಲು ಬರುತ್ತಾರೆ. ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ, ಚಹಾ ಆರುವುದರೊಳಗೆ ಹೊರಟುಬಿಡುತ್ತಾರೆ. ಅಷ್ಟರಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆದಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಗ್ರೇಡು ಸಿಕ್ಕಿತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದು ಪಿಂಚಣಿ ಕಾಗದಕ್ಕೆ ಮಾತ್ರ ಬೇಕಾದದ್ದು.

ಆಗಿನ ಬ್ಯಾಟರಿ ಕೋಣೆಯನ್ನು ನೀವು ನೋಡಿಲ್ಲ. ಎಕ್ಸ್‌ಚೇಂಜ್‌ನ ಹಿಂಬದಿಗೆ, ಆ್ಯಸಿಡ್ ತಡೆಯುವ ಹಾಸುಗಲ್ಲಿನ ಉದ್ದನೆಯ ಕೋಣೆ. ಎರಡೂ ಕಡೆ ಕಟ್ಟಿಗೆಯ ಸ್ಟ್ಯಾಂಡಿನ ಮೇಲೆ ಇಪ್ಪತ್ನಾಲ್ಕು ಸೆಲ್ಲುಗಳು, ಒಂದೊಂದೂ ನನ್ನ ಸೊಂಟದೆತ್ತರ. ಒಂದು ಸೆಲ್ಲು ಎರಡು ವೋಲ್ಟಿನದು. ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟುತ್ತ ಹೋದರೆ ಒಟ್ಟು ನಲವತ್ತೆಂಟು ವೋಲ್ಟು. ಊರಿಗೆಲ್ಲ ಕರೆಂಟು ಹೋದಾಗಲೂ ಫೋನು ಮಾತಾಡುತ್ತಿದ್ದದ್ದು ಇವುಗಳ ಬಲದ ಮೇಲೆ. ಒಳಗೆ ಹೋದರೆ ಹುಳಿ ವಾಸನೆ, ಗಂಟಲಲ್ಲಿ ಕೆರೆತ. ದಿನಾ ಬೆಳಿಗ್ಗೆ ಹೈಡ್ರೋಮೀಟರ್ ಎಂಬ ಗಾಜಿನ ಕೊಳವೆಯಲ್ಲಿ ಸೆಲ್ಲಿನ ಆ್ಯಸಿಡ್ ಎಳೆದು ಅದರ ಗಟ್ಟಿತನ ನೋಡುವುದು, ವೋಲ್ಟು ನೋಡುವುದು, ಎರಡನ್ನೂ ದಪ್ಪ ಪುಸ್ತಕದಲ್ಲಿ ಬರೆಯುವುದು, ಮಟ್ಟ ಇಳಿದ ಕಡೆ ಡಿಸ್ಟಿಲ್ಡ್ ವಾಟರ್ ಹಾಕುವುದು. ಇಷ್ಟೇ ನನ್ನ ಕೆಲಸ. ಇಷ್ಟನ್ನೇ ಸರಿಯಾಗಿ ಮಾಡಲು ಕಲಿಯುವುದಕ್ಕೆ ನನಗೆ ನಾಲ್ಕು ವರ್ಷ ಹಿಡಿಯಿತು.

ಕಲಿಸಿದವರು ದಸ್ತಗೀರ ಕಾಕಾ. ಹಳೇ ಹುಬ್ಬಳ್ಳಿಯವರು, ನಮ್ಮ ಹಿರಿಯ ಮೆಕ್ಯಾನಿಕ್. ಅವರ ತಂದೆ ಟಾಂಗಾದ ಗಾಲಿ ಕಟ್ಟುತ್ತಿದ್ದರಂತೆ. ಮೊದಲ ದಿನ ನಾನು ಕೋಣೆಯ ಬಾಗಿಲಿಗೆ ಬಂದಾಗ ಕೈಯಲ್ಲಿ ಅವ್ವ ಹಾಕಿಸಿದ್ದ ಎರಡು ಬಂಗಾರದ ಬಳೆ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇದ್ದವು. ಕಾಕಾ ಎರಡನ್ನೂ ನೋಡಿದರು.

"ಬ್ಯಾಟರಿಗೆ ಬಂಗಾರ, ಬೆಳ್ಳಿ, ಕಬ್ಬಿಣ ಎಲ್ಲಾ ಒಂದ ನೋಡವಾ" ಅಂದರು. "ಬಳಿ ತಗದ ಇಡು. ದೇವ್ರನ್ನ ತಗಿ ಅನ್ನಾಂಗಿಲ್ಲ ನಾ. ಆದ್ರ ಅರಿಬಿ ಸುತ್ತಿ ಒಳಗ ಬಿಗಿಯಾಗಿ ಕಟ್ಕೋ, ಹೊರಗ ಜೋತಾಡಬಾರದು."

ಅಂದಿನಿಂದ ಹಾಗೆಯೇ ಕಟ್ಟಿಕೊಂಡೆ. ಬಳೆಯನ್ನು ಡಬ್ಬಿಯಲ್ಲಿ ಹಾಕಿಟ್ಟೆ. ಆದರೆ ನಟ್ಟು ತಿರುಗಿಸುವ ಪಾನಾವೂ ಕಬ್ಬಿಣವೇ ಎಂದು ಯೋಚಿಸಲಿಲ್ಲ. ಸೇರಿ ಮೂರನೇ ವಾರ ನಟ್ಟು ಬಿಗಿಯುವಾಗ ಪಾನಾ ಕೈಜಾರಿ ಸೆಲ್ಲು ಜೋಡಿಸುವ ಎರಡು ಸೀಸದ ಪಟ್ಟಿಗಳ ಮೇಲೆ ಅಡ್ಡ ಬಿತ್ತು. ಕಣ್ಣೆದುರು ಬೆಳ್ಳನೆಯ ಬೆಳಕು, ಕಾಯಿ ಒಡೆದಂಥ ಸದ್ದು. ಕಣ್ಣು ತೆರೆದು ನೋಡಿದರೆ ಪಾನಾದ ನಡುಭಾಗ ಇಲಿ ಕಡಿದ ಕಬ್ಬಿನಂತಾಗಿತ್ತು. ಕಾಕಾ ಓಡಿ ಬಂದು ನನ್ನನ್ನು ಹೊರಗೆಳೆದು ಮೊದಲು ಕಣ್ಣು, ಆಮೇಲೆ ಬೆರಳು ನೋಡಿದರು. ಬೈಯಲಿಲ್ಲ. ಮಾರನೇ ದಿನ ಹಳೆಯ ಸೈಕಲ್ ಟ್ಯೂಬುಗಳನ್ನು ತಂದು, ಕೋಣೆಯಲ್ಲಿದ್ದ ಪ್ರತಿಯೊಂದು ಪಾನಾದ ಹಿಡಿಕೆಗೂ ನನ್ನಿಂದಲೇ ಸುತ್ತಿಸಿದರು. ಆ ಕೆಲಸಕ್ಕೆ ಇಡೀ ದಿನ ಹಿಡಿಯಿತು. ನಿಮಗೆ ಈಗ ರಬ್ಬರ್ ಹಿಡಿಕೆಯ ಪಾನಾ ಅಂಗಡಿಯಲ್ಲೇ ಸಿಗುತ್ತದೆ, ಕೊಂಡುಕೊಳ್ಳಿ. ನಲವತ್ತೆಂಟು ವೋಲ್ಟು ಮುಟ್ಟಿದರೆ ಜುಮ್ಮೆನ್ನುವುದಿಲ್ಲ ಎಂದು ಧೈರ್ಯ ಮಾಡಬೇಡಿ. ಅದು ಮನುಷ್ಯನನ್ನು ಬಿಟ್ಟರೂ ಕಬ್ಬಿಣವನ್ನು ಕರಗಿಸುತ್ತದೆ. ಆ ಕರಗಿದ ಕಬ್ಬಿಣ ಹಾರುವುದು ನಿಮ್ಮ ಮುಖದ ಕಡೆಗೇ.

ಮೇಲಧಿಕಾರಿಗಳಲ್ಲಿ ನನಗೆ ಮರೆಯಲಾಗದವರು ಜೋಶಿ ಸಾಹೇಬರು. ಇಂಜಿನಿಯರು, ಸಿಟ್ಟಿನ ಮನುಷ್ಯ. ಅವರ ಬೂಟಿನ ಸದ್ದು ಕೇಳಿದರೆ ಚಹಾ ಕುಡಿಯುವವರು ಕಪ್ಪನ್ನು ಮೇಜಿನ ಕೆಳಗೆ ಇಡುತ್ತಿದ್ದರು. ಒಮ್ಮೆ ಮೇಲಿನವರ ತಪಾಸಣೆ ಬರುವುದಿತ್ತು. ಡಿಸ್ಟಿಲ್ಡ್ ವಾಟರ್ ತೀರಿತ್ತು, ಬೇಡಿಕೆ ಕಳಿಸಿ ವಾರವಾದರೂ ಕ್ಯಾನು ಬಂದಿರಲಿಲ್ಲ. ನಾಲ್ಕು ಸೆಲ್ಲುಗಳಲ್ಲಿ ಮಟ್ಟ ಗೆರೆಗಿಂತ ಕೆಳಗೆ ಇಳಿದಿತ್ತು. ಕಾಕಾ ರಜೆಯಲ್ಲಿದ್ದರು. ಸಾಹೇಬರು ಬಾಗಿಲಲ್ಲೇ ನಿಂತು, ನಳದ ನೀರು ಹಾಕಿ ಮಟ್ಟ ಮಾಡಿಬಿಡು ಎಂದರು. ಹಾಕಬಾರದೆಂದು ನನಗೆ ಗೊತ್ತಿತ್ತು. ಆದರೂ ಅವರ ಸಿಟ್ಟಿಗೆ ಹೆದರಿ ಹಾಕಿದೆ. ಪುಸ್ತಕದಲ್ಲಿ ‘ನೀರು ಹಾಕಿದೆ’ ಎಂದಷ್ಟೇ ಬರೆದೆ. ತಪಾಸಣೆ ಚೆಂದವಾಗಿ ಮುಗಿಯಿತು.

ನಾಲ್ಕು ತಿಂಗಳಾದ ಮೇಲೆ ಆ ನಾಲ್ಕೂ ಸೆಲ್ಲುಗಳ ಅಂಕಿ ದಿನದಿನಕ್ಕೆ ಇಳಿಯತೊಡಗಿತು. ನಳದ ನೀರಿನ ಉಪ್ಪು ಒಳಗೆ ಕೆಲಸ ಮಾಡುತ್ತಿತ್ತು. ಕಾಕಾ ಹಿಂದಿನ ಪುಟಗಳನ್ನು ತಿರುವಿ ಹಾಕಿ ಕಾರಣ ಹುಡುಕುತ್ತಿದ್ದರು. ತಡೆಯಲಾಗದೆ ನಾನು ಎಲ್ಲ ಹೇಳಿಬಿಟ್ಟೆ. ಅವರಿಗೆ ನೀರಿಗಿಂತ ಪುಸ್ತಕದ ಮಾತು ಹೆಚ್ಚು ನೋವು ಕೊಟ್ಟಿತು. "ಪುಸ್ತಕದಾಗ ಅರ್ಧ ಮಾತ ಬರೀಬ್ಯಾಡ ನೀಲವ್ವ" ಅಂದರು. "ನಾಳೆ ಇಲ್ಲಿ ಬಂದ ನಿಂತವಗ ಅದ ಕಣ್ಣು."

ಹಳೆಯ ಆ ಪುಟದಲ್ಲಿಯೇ, ಈ ನಾಲ್ಕು ಸೆಲ್ಲುಗಳಿಗೆ ನಳದ ನೀರು ಹಾಕಿದವಳು ನಾನು ಎಂದು ಬರೆದು ಸಹಿ ಮಾಡಿ, ಪುಸ್ತಕವನ್ನು ಸಾಹೇಬರ ಮೇಜಿನ ಮೇಲಿಟ್ಟೆ. ಕೆಲಸ ಹೋದರೆ ಮನೆಯಲ್ಲಿ ಏನು ಹೇಳುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಸಾಹೇಬರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಆಮೇಲೆ ಕಿಸೆಯಿಂದ ಪೆನ್ನು ತೆಗೆದು ನನ್ನ ಸಹಿಯ ಕೆಳಗೆ ‘ನನ್ನ ಆದೇಶದ ಮೇರೆಗೆ’ ಎಂದು ಬರೆದು, ದೊಡ್ಡದಾಗಿ ಸಹಿ ಮಾಡಿ, ಪುಸ್ತಕ ತಿರುಗಿಸಿ ಕೊಟ್ಟರು. ಅದಕ್ಕಾಗಿ ಅವರಿಗೆ ಮೇಲಿನಿಂದ ಮೆಮೋ ಬಂದದ್ದು ನಮಗೆ ತಿಳಿದದ್ದು ವರ್ಷದ ಮೇಲೆ. ಮುಂದೆಯೂ ಅವರು ಸಿಟ್ಟು ಮಾಡುವುದನ್ನು ಬಿಡಲಿಲ್ಲ, ಆದರೆ ಡಿಸ್ಟಿಲ್ಡ್ ವಾಟರಿನ ಕ್ಯಾನು ಮತ್ತೆಂದೂ ತಡವಾಗಲಿಲ್ಲ.

ನನ್ನ ನಿವೃತ್ತಿಗೆ ಹತ್ತು ವರ್ಷ ಇರುವಾಗ ಮುಚ್ಚಿದ ಬ್ಯಾಟರಿಗಳು ಬಂದವು. ಅವುಗಳಿಗೆ ಬಾಯಿಯೇ ಇಲ್ಲ, ನೀರು ಹಾಕುವಂತಿಲ್ಲ. ಕೋಣೆಯ ಹುಳಿ ವಾಸನೆ ಹೋಯಿತು. ಸೀರೆಗೆ ತೂತು ಬೀಳುವುದು ನಿಂತಿತು. ಹೈಡ್ರೋಮೀಟರು ಕಪಾಟು ಸೇರಿತು, ನನ್ನ ಕೆಲಸ ಬಟ್ಟೆಯಿಂದ ಧೂಳು ಒರೆಸುವುದಕ್ಕೆ ಬಂದು ನಿಂತಿತು. ಖರೇ ಹೇಳಬೇಕೆಂದರೆ ನಿವೃತ್ತಿಯ ದಿನ ನನಗೇನೂ ದುಃಖವಾಗಲಿಲ್ಲ. ಆಗಬೇಕಾದ ದುಃಖವೆಲ್ಲ ಆ ಕಪಾಟಿನ ಬಾಗಿಲು ಹಾಕಿದ ದಿನವೇ ಆಗಿ ಹೋಗಿತ್ತು.

ಮನೆಯಲ್ಲಿ ಕೂತ ಮೇಲೆ ಬೆಳಗಾದರೆ ಕೈಗೆ ಏನೋ ಬೇಕೆನಿಸುತ್ತಿತ್ತು. ಏನಾದರೊಂದನ್ನು ಅಳೆಯಬೇಕು, ಬರೆದಿಡಬೇಕು. ಹಾಲಿನ ಗಟ್ಟಿತನ ನೋಡುವ ಲ್ಯಾಕ್ಟೋಮೀಟರು ತಂದು ದಿನಾ ಹಾಲು ಅಳೆದು ಕ್ಯಾಲೆಂಡರಿನ ಮೇಲೆ ಬರೆಯತೊಡಗಿದೆ. ಎರಡು ವಾರದಲ್ಲಿ ಹಾಲಿನವನು ನಮ್ಮ ಮನೆ ಬಿಟ್ಟ. ನಮ್ಮ ಮನೆಯವರು, ಬಸವರಾಜ ಮಾಸ್ತರರು, ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನನಗಿಂತ ಮೊದಲೇ ನಿವೃತ್ತರಾದವರು. ಕಪ್ಪು ಚಹಾ ಕುಡಿಯುತ್ತ ಅವರು ಹೇಳಿದರು, "ನೀಲಾ, ಹಾಲಿನ ಬೆನ್ನ ಬಿಡು. ನಿನಗ ಬೇಕಾಗಿದ್ದು ಬ್ಯಾಟರಿ. ಒಂದ ತಂದ ಕಟ್ಕೋ."

ಹೀಗೆ ಶುರುವಾಯಿತು. ತಾರಸಿಯ ಮೇಲೆ ನಾಲ್ಕು ಪ್ಯಾನೆಲ್ ಏರಿದವು. ಹದಿನಾರು ಲಿಥಿಯಂ ಸೆಲ್ಲುಗಳನ್ನು ತರಿಸಿದೆ. ಡಬ್ಬಿ ಬಿಚ್ಚಿದಾಗ ನನಗೆ ನಗು ಬಂತು. ಸೊಂಟದೆತ್ತರದ ಸೆಲ್ಲು ನೋಡಿದವಳ ಮುಂದೆ, ನೀಲಿ ಪ್ಲಾಸ್ಟಿಕ್ ಸುತ್ತಿದ ಹದಿನಾರು ಇಟ್ಟಿಗೆಗಳು! ಹದಿನಾರನ್ನೂ ಸಾಲಾಗಿ ಜೋಡಿಸಿದರೆ ಐವತ್ತೊಂದು ವೋಲ್ಟು, ಹೆಚ್ಚುಕಡಿಮೆ ನನ್ನ ಹಳೆಯ ಕೋಣೆಯಷ್ಟೇ. ಅದು ಗೊತ್ತಾದಾಗ ಪರವೂರಿನಲ್ಲಿ ಬಳಗದವರು ಸಿಕ್ಕಂತೆ ಆಯಿತು.

ಜೋಡಿಸುವ ಮೊದಲು ಹದಿನಾರನ್ನೂ ಒಂದೇ ಮಟ್ಟಕ್ಕೆ ತುಂಬಿಸಬೇಕು. ಒಂದು ತುಂಬಿ ಇನ್ನೊಂದು ಅರೆಯಾಗಿದ್ದರೆ ಇಡೀ ಸಾಲು ಆ ಅರೆ ತುಂಬಿದ್ದರ ಹೆಜ್ಜೆಗೇ ನಡೆಯುತ್ತದೆ. ಎಲ್ಲವನ್ನೂ ತಲೆಗೆ ತಲೆ, ಬಾಲಕ್ಕೆ ಬಾಲ ಒಟ್ಟಿಗೆ ಕಟ್ಟಿ ಸಣ್ಣ ಚಾರ್ಜರ್ ಹಚ್ಚಿದೆ. ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ನಮ್ಮ ಮನೆಯವರು ಸುಮ್ಮನೆ ಕೂಡಲಿಲ್ಲ. ಪ್ರತಿ ಸೆಲ್ಲಿನ ಮೇಲೆ ಕನ್ನಡದ ಅಂಕಿಯಲ್ಲಿ ೧ರಿಂದ ೧೬ರ ತನಕ ಬರೆದರು. ನಾನು ಕಾಗದದ ಮೇಲೆ ಗೀಚಿದ ವೈರಿಂಗಿನ ನಕ್ಷೆಯನ್ನು ಸಾಮಾನಿನ ಕೋಣೆಯ ಗೋಡೆಯ ಮೇಲೆ ಕೆಂಪು ನೀಲಿ ಬಣ್ಣದಲ್ಲಿ ತೆಗೆದರು. ಫ್ಯೂಸು ಎಂದರೇನೆಂದು ಕೇಳಿದರು. ಅಳತೆ ಮೀರಿ ಕರೆಂಟು ಹರಿದರೆ ಮೊದಲು ತಾನು ಪ್ರಾಣ ಕೊಟ್ಟು ಮನೆ ಉಳಿಸುವುದು ಎಂದೆ. ಫ್ಯೂಸಿನ ಜಾಗದಲ್ಲಿ ಕೋಲು ಹಿಡಿದು ಊರು ಕಾಯುವ ಮೀಸೆಯ ವಾಲಿಕಾರನನ್ನು ಬರೆದರು. ಈಗಲೂ ಇದ್ದಾನೆ, ಬಂದವರೆಲ್ಲ ಮೊದಲು ಅವನನ್ನೇ ನೋಡುತ್ತಾರೆ.

ಬ್ಯಾಟರಿ ಕಟ್ಟಿ ಮುಗಿದ ಮೇಲೆ ದಸ್ತಗೀರ ಕಾಕಾನನ್ನು ಕರೆದೆ. ಎಂಬತ್ತು ದಾಟಿದ್ದರೂ ಬಸ್ಸು ಹತ್ತಿ ಬಂದರು. ಕೋಣೆಯಲ್ಲಿ ಬಗ್ಗಿ ಮೊದಲು ಮೂಸಿ ನೋಡಿದರು, ಆಮೇಲೆ ಕಿವಿಗೊಟ್ಟು ಕೇಳಿದರು. "ನೀರಿಲ್ಲ, ವಾಸನಿ ಇಲ್ಲ, ಕುದಿಯೂದಿಲ್ಲ. ಎಷ್ಟ ಜೀವ ಐತಿ ಅನ್ನೂದ ಹೆಂಗ ತಿಳೀಬೇಕವಾ?" ಅಂದರು. ವೋಲ್ಟು ನೋಡಿದರೆ ತಿಳಿಯುತ್ತದೆ ಎಂದು ನಾನು ಮೂವತ್ತಾರು ವರ್ಷದ ಗತ್ತಿನಿಂದ ಹೇಳಿದೆ. ಕಾಕಾ ತಲೆ ಆಡಿಸಿದರು, ಒಪ್ಪಿದಂತೆ ಕಾಣಲಿಲ್ಲ.

ಮುಂದಿನ ಭಾನುವಾರ ಅಮ್ಮಿನಬಾವಿಯಿಂದ ನನ್ನ ತಮ್ಮ, ಅವನ ಮನೆಯವರು, ಅವನ ಬೀಗರು ಸೇರಿ ಹನ್ನೊಂದು ಜನ ಊಟಕ್ಕೆ ಬಂದರು. ಶ್ರಾವಣದ ಮೋಡ ಕವಿದ ದಿನ. ಮೀಟರಿನಲ್ಲಿ ಐವತ್ತೊಂದು ವೋಲ್ಟು ಕಂಡಿತು. ನನ್ನ ಸೀಸದ ಬ್ಯಾಟರಿಯಲ್ಲಿ ಐವತ್ತೊಂದು ಎಂದರೆ ತುಂಬಿ ತುಳುಕುವ ಕೊಡ. ಎಲ್ಲರ ಮುಂದೆ ಹೋಗಿ ಹೊರಗಿನ ಕರೆಂಟಿನ ಮೇನ್ ಸ್ವಿಚ್ಚನ್ನು ಆರಿಸಿ, ಇವತ್ತು ಈ ಮನೆ ಸೂರ್ಯನ ಮೇಲೆ ನಡೆಯುತ್ತದೆ ಎಂದು ಸಾರಿದೆ. ಬೀಗರು ಮೆಚ್ಚಿದರು. ಫ್ಯಾನು ತಿರುಗಿತು, ಟಿವಿ ಹಾಡಿತು, ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಅರ್ಧ ಆಗಿತ್ತು. ಒಮ್ಮೆಲೇ ಎಲ್ಲ ನಿಂತಿತು. ಮನೆ ಗಪ್‌ಚಿಪ್.

ಆ ಮೌನದಲ್ಲಿ ನನ್ನ ತಮ್ಮ ಕೇಳಿದ, "ಅಕ್ಕಾ, ಸೂರ್ಯ ಊಟಕ್ಕ ಹೋದನೇನ?"

ಬೀಗರು ನಗು ತಡೆಯಲಾಗದೆ ಸೆರಗು, ಟವೆಲ್ಲು ಬಾಯಿಗೆ ಒತ್ತಿಕೊಂಡರು. ಮತ್ತೆ ಮೇನ್ ಸ್ವಿಚ್ಚು ಹಾಕಲು ನನ್ನ ಗತ್ತು ಬಿಡಲಿಲ್ಲ, ಚಟ್ನಿಯನ್ನು ಒಳಕಲ್ಲಿನಲ್ಲಿ ರುಬ್ಬಿ ಊಟ ಮಾಡಿದೆವು. ನಾನು ಮಾಡಿದ ತಪ್ಪು ಇಷ್ಟೇ: ಸೀಸದ ಬ್ಯಾಟರಿ ಖಾಲಿಯಾಗುತ್ತ ಹೋದಂತೆ ಅದರ ವೋಲ್ಟು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಮುಖ ನೋಡಿ ಹಸಿವು ತಿಳಿಯಬಹುದು. ಈ ಲಿಥಿಯಂ ಹಾಗಲ್ಲ. ಮುಕ್ಕಾಲು ಖಾಲಿಯಾದರೂ ಅದೇ ಐವತ್ತೊಂದು, ಅದೇ ನಗುಮುಖ. ಆಮೇಲೆ ಒಮ್ಮೆಲೇ ಕೈಚೆಲ್ಲುತ್ತದೆ. ಸೆಲ್ಲುಗಳನ್ನು ಕಾಯುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡು ಅವು ಪೂರ್ತಿ ಬರಿದಾಗುವ ಮೊದಲೇ ಬಾಗಿಲು ಹಾಕಿತ್ತು. ಅದು ಇರದಿದ್ದರೆ ಹದಿನಾರೂ ಸೆಲ್ಲು ಕೆಡುತ್ತಿದ್ದವು. ಸಂಜೆ ಕಾಕಾಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಅವರು ಬಹಳ ಹೊತ್ತು ನಕ್ಕರು. ಮರುದಿನವೇ ಹುಬ್ಬಳ್ಳಿಗೆ ಹೋಗಿ, ಬ್ಯಾಟರಿಗೆ ಬಂದದ್ದನ್ನು ಕೂಡಿಸಿ ಹೋದದ್ದನ್ನು ಕಳೆದು ನೂರಕ್ಕೆ ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರು ತಂದು ಹಾಕಿದೆ. ನೀವೂ ಮೊದಲ ದಿನವೇ ಹಾಕಿ. ಅನುಭವ ದೊಡ್ಡದು ನಿಜ, ಆದರೆ ನನ್ನ ಅನುಭವ ಸೀಸದ್ದಾಗಿತ್ತು.

ಈಗ ಕಳೆದ ಬೇಸಿಗೆಯ ಮಾತಿಗೆ ಬರುತ್ತೇನೆ.

ನಮ್ಮ ಮನೆಯ ಎದುರು ಹಸೀನಾ ಇದ್ದಾಳೆ. ಅವಳ ಗಂಡ ಬೈಕು ರಿಪೇರಿಯ ಗ್ಯಾರೇಜು ಇಟ್ಟಿದ್ದಾನೆ. ಅವಳು ಮನೆಯಲ್ಲೇ ತತ್ತಿಗೆ ಕಾವು ಕೊಡುವ ಮಿಷಿನ್ ಇಟ್ಟುಕೊಂಡು ಜವಾರಿ ಕೋಳಿ ಮರಿ ಮಾಡುತ್ತಾಳೆ. ಕಬ್ಬಿಣದ ಟ್ರಂಕಿನಷ್ಟು ದೊಡ್ಡ ತಗಡಿನ ಪೆಟ್ಟಿಗೆ, ಒಳಗೆ ಹೀಟರು, ಸಣ್ಣ ಫ್ಯಾನು. ಇಪ್ಪತ್ತೊಂದು ದಿನ ಬಿಸಿ ಒಂದೇ ಸಮ ಇರಬೇಕು. ಚಳಿಗಾಲದಲ್ಲಿ ಒಮ್ಮೆ ಕರೆಂಟು ಹೋಗಿ ಅವಳ ನೂರಕ್ಕೂ ಹೆಚ್ಚು ತತ್ತಿ ಒಳಗೇ ಸತ್ತಿದ್ದವು. ಮಿಷಿನ್ ಮಾರಿಬಿಡು ಎಂದು ಗಂಡ ಹೇಳಿದ್ದ. ಇನ್ನೊಂದೇ ಸಲ ಎಂದು ಅವಳು ಹಟ ಹಿಡಿದು ನೂರೈವತ್ತು ತತ್ತಿ ಇಟ್ಟಿದ್ದಳು. ಶಿರಗುಪ್ಪಿಯ ಹೆಣ್ಣುಮಕ್ಕಳ ಸಂಘವೊಂದಕ್ಕೆ ಮರಿ ಕೊಡುತ್ತೇನೆಂದು ಮಾತು ಕೊಟ್ಟಿದ್ದಳು. ಹತ್ತೊಂಬತ್ತನೇ ದಿನ ಮಧ್ಯಾಹ್ನ ಆಣೆಕಲ್ಲಿನ ಮಳೆ, ಬಿರುಗಾಳಿ. ರಸ್ತೆಯ ಮರಗಳು ತಂತಿಯ ಮೇಲೆ ಬಿದ್ದವು, ಕಂಬಗಳು ಮುರಿದವು. ಕರೆಂಟು ಬರಲು ಎರಡು ದಿನವಾದರೂ ಬೇಕು ಎಂದು ಲೈನ್‌ಮನ್ ಹೇಳಿ ಹೋದ.

ಮಳೆ ನಿಂತ ಕೂಡಲೇ ಹಸೀನಾ ನಮ್ಮ ಗೇಟಿನ ಹತ್ತಿರ ಬಂದು ನಿಂತಳು. ಏನನ್ನೂ ಬೇಡಲಿಲ್ಲ. "ಅಕ್ಕಾರ, ನಿಮ್ಮ ಮನ್ಯಾಗ ಫ್ಯಾನ್ ತಿರಗಾಕತ್ತೈತಿ" ಎಂದಷ್ಟೇ ಅಂದಳು. ಆಮೇಲೆ, "ಒಳಗ ಮರಿ ಚುಂಯ್ ಅನ್ನಾಕ ಹತ್ಯಾವ್ರಿ" ಅಂದಳು.

ನಾನು ಮನೆಯವರ ಮುಖ ನೋಡಿದೆ. ನಮ್ಮ ಮನೆಯಲ್ಲಿ ತತ್ತಿ ಎಂದೂ ಹೊಸ್ತಿಲು ದಾಟಿಲ್ಲ. ಅವರು ದಿನಾ ಪೂಜೆ ಮುಗಿಸದೆ ನೀರೂ ಮುಟ್ಟುವವರಲ್ಲ. ಹಸೀನಾಳಿಗೂ ಅದು ಗೊತ್ತಿತ್ತು, ಅದಕ್ಕೇ ಗೇಟಿನ ಹೊರಗೆ ನಿಂತಿದ್ದಳು. ಅವರು ಎದ್ದು ಬಾಗಿಲಿಗೆ ಬಂದರು.

"ಒಳಗ ಜೀವ ಕೂಗಾಕತ್ತಾವ ಅಂದ್ರ ಅವು ತತ್ತಿ ಅಲ್ಲ" ಅಂದರು. "ವೈರ್ ಎಲ್ಲಿಟ್ಟೀ ಹೇಳು."

ನಮ್ಮ ಪೇರಲ ಗಿಡಕ್ಕೆ ಒಂದು ಗಂಟು, ಅವರ ಮನೆಯ ಕಿಟಕಿಗೆ ಇನ್ನೊಂದು ಗಂಟು. ಕೆಳಗೆ ಟ್ರ್ಯಾಕ್ಟರು ಹಾಯುವಷ್ಟು ಎತ್ತರದಲ್ಲಿ ಓಣಿಯ ಮೇಲೆ ವೈರು ಎಳೆದೆವು. ಮಿಷಿನ್ನಿನ ಫ್ಯಾನು ತಿರುಗಿತು, ಹೀಟರಿನ ಕೆಂಪು ದೀಪ ಹೊತ್ತಿತು. ಹಸೀನಾ ತಗಡಿನ ಮೇಲೆ ಅಂಗೈ ಇಟ್ಟುಕೊಂಡೇ ಕೂತಳು, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಆ ಸಂಜೆ ನನ್ನ ಮೀಟರು ನೂರಕ್ಕೆ ಅರವತ್ತು ತೋರಿಸುತ್ತಿತ್ತು. ಬೆಳಿಗ್ಗೆಯಿಂದ ಮೋಡವಿತ್ತು, ಮೇಲೆ ನೀರೆತ್ತುವ ಪಂಪು ಬೇರೆ ನಡೆದಿತ್ತು. ಫ್ರಿಜ್ ಆರಿಸಿದೆ. ಇದ್ದ ಹಾಲನ್ನೆಲ್ಲ ಕಾಸಿ ಓಣಿಗೆ ಹಂಚಿದೆ. ನಮ್ಮ ಮನೆಯ ಫ್ಯಾನೂ ನಿಂತಿತು, ಸೊಳ್ಳೆಗೆ ಬೇವಿನ ಹೊಗೆ ಹಾಕಿಕೊಂಡು ಮಲಗಿದೆವು. ಬೆಳಗಾದರೆ ಸೂರ್ಯ ಬರುತ್ತಾನೆ, ಎಲ್ಲ ತುಂಬುತ್ತದೆ ಎಂದು ನಂಬಿದ್ದೆ. ಬೆಳಗಾಯಿತು, ಸೂರ್ಯ ಬರಲಿಲ್ಲ. ಇಡೀ ದಿನ ಜಿಟಿಜಿಟಿ ಮಳೆ. ಪ್ಯಾನೆಲ್ಲುಗಳು ಕೊಟ್ಟಷ್ಟನ್ನು ಮಿಷಿನ್ನು ತಿನ್ನುತ್ತ ಹೋಯಿತು. ಎರಡನೇ ಸಂಜೆ ಐದಕ್ಕೆ ಮೀಟರು ಇಪ್ಪತ್ತೆಂಟಕ್ಕೆ ಬಂದು ನಿಂತಿತ್ತು.

ಪೆನ್ಸಿಲ್ ಹಿಡಿದು ಕೂತೆ. ಮಿಷಿನ್ನು, ಜೊತೆಗೆ ಇನ್ವರ್ಟರು ತಾನೇ ನುಂಗುವುದು ಸೇರಿ ಮುಂಜಾನೆಯವರೆಗೆ ಮೂವತ್ತರ ಮೇಲೆ ಬೇಕು. ಅದೂ ಕೊನೆಯ ಐದು ಉಳಿದಾಗಲೇ ಬೋರ್ಡು ಬಾಗಿಲು ಹಾಕುತ್ತದೆ. ಎರಡು ಸಲ ಲೆಕ್ಕ ಮಾಡಿದೆ, ಉತ್ತರ ಅದೇ ಬಂತು. ಹಸೀನಾಳ ಗಂಡ ಬಾಡಿಗೆಯ ಜನರೇಟರಿಗಾಗಿ ನವಲೂರು, ಸತ್ತೂರು ಎಲ್ಲ ಸುತ್ತಿ ಬರಿಗೈಯಲ್ಲಿ ಬಂದ. ಅಂಥ ದಿನ ಎಲ್ಲರಿಗೂ ಜನರೇಟರು ಬೇಕಿತ್ತು. ಏನೂ ತೋಚದೆ ಕಾಕಾಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು. "ನೀ ಕೊಡೂದನ್ನಷ್ಟ ಎಣಿಸಾಕತ್ತಿ" ಅಂದರು. "ಕೊಡಾಕ ಇಲ್ಲಂದ್ರ ಬೇಡೂದನ್ನ ಕಡಿಮಿ ಮಾಡವಾ."

ಫೋನು ಇಟ್ಟು ಓಣಿ ದಾಟಿದೆ. ಮಿಷಿನ್ನಿನ ಮುಂದೆ ನಿಂತು ತಗಡನ್ನು ಮುಟ್ಟಿ ನೋಡಿದೆ. ಹೊರಮೈ ಬೆಚ್ಚಗಿತ್ತು. ಹಿಂದಿನ ದಿನದಿಂದ ಹಸೀನಾ ಅಲ್ಲೇ ಕೈ ಇಟ್ಟುಕೊಂಡು ಕೂತಿದ್ದಳು, ನನಗೆ ಹೊಳೆದಿರಲಿಲ್ಲ. ನನ್ನ ಬ್ಯಾಟರಿಯ ಜೀವವೆಲ್ಲ ಆ ತಗಡಿನಿಂದ ಹೊರಗೆ ಹೋಗಿ ಅವಳ ಮನೆಯ ಗಾಳಿಯನ್ನು ಕಾಯಿಸುತ್ತಿತ್ತು.

ಮನೆಯವರಿಗೆ ಹೇಳಿದೆ. ಅವರು ಟ್ರಂಕು ತೆಗೆದು ತಮ್ಮ ತಾಯಿ ಹೊಲಿದ ಎರಡು ಕೌದಿ ಹೊತ್ತು ತಂದರು. ಹಳೆಯ ಸೀರೆ, ಧೋತರಗಳ ನಾಲ್ಕೈದು ಪದರು ಹಾಕಿ ಹೊಲಿದ, ಇಬ್ಬರು ಹಿಡಿದು ಮಡಚಬೇಕಾದಂಥ ಕೌದಿಗಳು. ಹಸೀನಾ ತನ್ನದೂ ಒಂದು ತಂದಳು. ಗಾಳಿ ಆಡುವ ತೂತುಗಳು ಎಲ್ಲಿವೆ ಎಂದು ಅವಳು ಬೆರಳಿಟ್ಟು ತೋರಿಸಿದಳು. ಅಲ್ಲಿ ಮುಚ್ಚಿದರೆ ಮರಿಗಳಿಗೆ ಉಸಿರು ಕಟ್ಟುತ್ತದೆ. ಅಷ್ಟು ಬಿಟ್ಟು ಉಳಿದ ಮೈಗೆಲ್ಲ ಕೌದಿ ಸುತ್ತಿ ಸುತಳಿಯಿಂದ ಕಟ್ಟಿದೆವು. ಆಮೇಲೆ ನಾನು ಕೈಗಡಿಯಾರ ಹಿಡಿದು ಹೀಟರಿನ ಕೆಂಪು ದೀಪ ನೋಡುತ್ತ ಕೂತೆ. ಮೊದಲು ಅದು ಅರ್ಧಕ್ಕರ್ಧ ಹೊತ್ತು ಉರಿಯುತ್ತಿತ್ತು. ಹೊತ್ತಿತು, ಆರಿತು, ಎಣಿಸಿದೆ. ಮತ್ತೆ ಎಣಿಸಿದೆ. ಈಗ ಮೂರರಲ್ಲಿ ಒಂದು ಪಾಲಷ್ಟೇ ಉರಿಯುತ್ತಿತ್ತು. ಹೊರಬರುವ ಹೊತ್ತಿಗೆ ಮರಿಗಳ ಮೈ ತಾನೇ ಬಿಸಿ ಕೊಡುತ್ತದೆ ಎಂದು ಹಸೀನಾ ಹೇಳಿದಳು. ಅದು ನನ್ನ ಪುಸ್ತಕದಲ್ಲಿ ಇರಲಿಲ್ಲ. ಲೆಕ್ಕ ಮತ್ತೆ ಮಾಡಿದೆ. ಕೂದಲೆಳೆಯಷ್ಟು ಉಳಿಯುತ್ತಿತ್ತು. ಹೊಸಬರು ಯಾರು ಕೇಳಿದರೂ ನಾನು ಹೇಳುವುದು ಇದನ್ನೇ: ದೊಡ್ಡ ಬ್ಯಾಟರಿ ಮಾರುವ ಮೊದಲು ಆ ಮನೆಯ ತಗಡನ್ನು ಮುಟ್ಟಿ ನೋಡಿ.

ಬೆಳಗಿನ ಜಾವ ಎದ್ದು ಮೀಟರು ನೋಡಿದರೆ ಏಳು. ನಾನು ಸ್ನಾನ ಮುಗಿಸುವಷ್ಟರಲ್ಲಿ ಆರು. ಪೂರ್ವದ ಮೋಡ ಹರಿದು ತಾರಸಿಯ ಮೇಲೆ ಬಿಸಿಲಿನ ಒಂದು ತುಂಡು ಬಿತ್ತು. ಆರು ಆರರಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು. ಆಮೇಲೆ ಏಳಾಯಿತು.

ಎಂಟು ಗಂಟೆಗೆ ಹಸೀನಾ ಬಂದಳು. ಈ ಸಲ ಗೇಟು ತೆರೆದು ನೇರ ಒಳಗೆ, ಅಡುಗೆಮನೆಯವರೆಗೆ ಬಂದಳು. ಒಂದು ತತ್ತಿ ಒಡೆದಿದೆ ಎಂದಳು. ನನಗಿಂತ ಮೊದಲು ನಮ್ಮ ಮನೆಯವರು ಹೊರಟರು, ಚಪ್ಪಲಿಯನ್ನೂ ಮೆಟ್ಟಲಿಲ್ಲ. ಮಿಷಿನ್ನಿನ ಗಾಜಿನ ಕಿಂಡಿಗೆ ಮುಖ ಹಚ್ಚಿ ಮೂವರೂ ನೋಡಿದೆವು. ಒದ್ದೆಯಾದ ಒಂದು ಮರಿ ಚಿಪ್ಪಿನಿಂದ ಅರ್ಧ ಹೊರಬಂದು, ದಣಿದು, ತಲೆ ಇಟ್ಟು ಮಲಗಿತ್ತು. ಇನ್ನೊಂದು ತತ್ತಿಯ ಮೇಲೆ ನಕ್ಷತ್ರದಂಥ ಬಿರುಕು. ಅದರಾಚೆಗೂ ಒಂದು. ಹೊತ್ತು ಏರಿದಂತೆ ಪೆಟ್ಟಿಗೆಯಲ್ಲಿ ಎಲ್ಲಿ ನೋಡಿದರೂ ಅಲುಗಾಟ, ಒಂದೇ ಸಮ ಚಿಂವ್ ಚಿಂವ್. ಓಣಿಯ ಹೆಂಗಸರು ಸರದಿಯಲ್ಲಿ ಬಂದು ಬಗ್ಗಿ ನೋಡಿ ಹೋದರು. ಹಸೀನಾಳ ಗಂಡ ಗ್ಯಾರೇಜು ತೆರೆಯಲೇ ಇಲ್ಲ. ಮಿಷಿನ್ ಮಾರುವ ಮಾತನ್ನು ತಾನು ಆಡಿಯೇ ಇಲ್ಲ ಎಂಬಂತೆ ಬಂದವರಿಗೆಲ್ಲ ಅದರ ಗುಣಗಾನ ಮಾಡುತ್ತಿದ್ದ. ನಮ್ಮ ಮನೆಯವರು ಪೂಜೆಗೂ ಏಳದೆ ಅಲ್ಲೇ ಕೂತು, ಯಾರೋ ಎಸೆದಿದ್ದ ಸಿಗರೇಟು ಪಾಕೀಟಿನ ಹಿಂಬದಿಯ ಮೇಲೆ ಮರಿಗಳ ಚಿತ್ರ ತೆಗೆಯುತ್ತಿದ್ದರು.

ಮಧ್ಯಾಹ್ನ ಮೂರಕ್ಕೆ ಓಣಿಯಲ್ಲೆಲ್ಲ ಕೇಕೆ ಎದ್ದಿತು. ಕರೆಂಟು ಬಂದಿತ್ತು. ಹಸೀನಾಳ ಮನೆಯ ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹೊತ್ತಿತು. ನಾನು ಎದ್ದು, ನಮ್ಮ ಮನೆಯಿಂದ ಬಂದ ವೈರನ್ನು ಕಿತ್ತು ಮಿಷಿನ್ನನ್ನು ಅವರ ಗೋಡೆಯ ಪ್ಲಗ್ಗಿಗೆ ಹಾಕಲು ಹೋದೆ. ಹಸೀನಾ ನನ್ನ ಕೈ ಹಿಡಿದಳು.

"ಬ್ಯಾಡ್ರಿ ಅಕ್ಕಾರ" ಅಂದಳು. "ಆ ಕರೆಂಟ್ ಮತ್ತ ಯಾವಾಗ ಹೋಗತೈತೋ ಏನೋ. ಎಲ್ಲಾ ಹೊರಗ ಬರೂತನಾ ನಿಮ್ಮ ಬ್ಯಾಟರಿ ಮ್ಯಾಲೇ ಇರ್ಲಿ."

ಮೂವತ್ತಾರು ವರ್ಷ ಹುಬ್ಬಳ್ಳಿಯವರು ಮಳೆಯಲ್ಲಿ, ಗಾಳಿಯಲ್ಲಿ, ಕತ್ತಲೆಯಲ್ಲಿ ಫೋನೆತ್ತಿ ಮಾತಾಡಿದರು. ಎಕ್ಸ್‌ಚೇಂಜ್‌ನ ಹಿಂದಿನ ಕೋಣೆಯಲ್ಲಿ ಒಂದು ಬ್ಯಾಟರಿ ಇದೆ ಎಂದು ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ, ನಾವು ನಮ್ಮ ಕೆಲಸ ಸರಿಯಾಗಿ ಮಾಡಿದ್ದೇವೆ ಎಂಬುದಕ್ಕೆ ಅದೇ ಸಾಕ್ಷಿಯಾಗಿತ್ತು. ನನ್ನ ಬ್ಯಾಟರಿಯೇ ಇರಲಿ ಎಂದು ಕೈ ಹಿಡಿದು ಕೇಳಿದವಳು ಹಸೀನಾ ಒಬ್ಬಳೇ.

ನಾನು ಪ್ಲಗ್ಗಿನ ಮೇಲಿನ ಕೈ ತೆಗೆದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಸಂಜೆಯೊಳಗೆ ನೂರ ಇಪ್ಪತ್ತೊಂದು ಮರಿ ಹೊರಗೆ ಬಂದವು.